ಮುಲಾಮಿನ ಪೆಟ್ಟಿಗೆಯೊಳಗಿನ ಕಾಗದ

ಕಳೆದ ವಾರ ಈ ಫ್ಲ್ಯಾಟಿನ ಸಾಮಾನು ಕಟ್ಟಲು ಕುಳಿತಾಗ ಸೀರೆಗಳ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಕವರು ಸಿಕ್ಕಿತು. ಒಳಗೆ ಮಡಚಿಟ್ಟ ಹಸಿರು ರವಿಕೆ. ಮೂರು ವರ್ಷದಿಂದ ಅದನ್ನು ನಾನು ಬಿಡಿಸಿಯೇ ಇರಲಿಲ್ಲ. ಕವರಿನ ಗಂಟು ಬಿಚ್ಚಿದ ಕೂಡಲೇ ಹೊಲಿಗೆ ಮೆಷಿನಿನ ಎಣ್ಣೆಯ ವಾಸನೆ ಬಂತು. ಅದರ ಹಿಂದೆಯೇ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಒಣ ವಾಸನೆ... ರವಿಕೆಯ ಮಡಿಕೆಯಿಂದ ಒಂದು ಕಾಗದ ಜಾರಿ ನೆಲಕ್ಕೆ ಬಿತ್ತು. ಬಿದ್ದದ್ದು ಕೇಳಿಸಲೂ ಇಲ್ಲ, ಅಷ್ಟು ತೆಳು.

ಔಷಧದ ಪೆಟ್ಟಿಗೆಯಲ್ಲಿ ಎಂಟು ಮಡಿಕೆ ಮಾಡಿ ತುರುಕಿರುತ್ತಾರಲ್ಲ, ಆ ಕಾಗದ. ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಅರಬ್ಬಿ. ಇಂಗ್ಲಿಷಿನ ಒಂದು ಸಾಲಿನ ಅಡಿಗೆ ನೀಲಿ ಪೆನ್ನಿನ ಗೆರೆ. ಪಕ್ಕದ ಅಂಚಿನಲ್ಲಿ, ಚಿಕ್ಕ ಮಕ್ಕಳಿಗೆ ಬರೆದುಕೊಟ್ಟ ಹಾಗೆ ದುಂಡಗೆ, ನಾಲ್ಕು ಕನ್ನಡ ಪದಗಳು: ಆ ಜಾಗಕ್ಕೆ ಹಚ್ಚಲೇ ಬಾರದು.

ಅಕ್ಷರ ನನ್ನದು.

ಪಕ್ಕದ ಫ್ಲ್ಯಾಟಿನ ಅಕ್ಕನಿಗಾಗಿ ಬರೆದದ್ದು. ಅವರು ಬ್ರಹ್ಮಾವರದ ಕಡೆಯವರು, ಮನೆಮಾತು ತುಳು, ನನ್ನೊಡನೆ ಕನ್ನಡ. ಅವರ ಗಂಡನನ್ನು ನಾನು ಭಾವ ಎಂದು ಕರೆಯುತ್ತಿದ್ದೆ. ಇಲ್ಲಿ ಗಲ್ಫಿನಲ್ಲಿ, ಸಲ್ಮಾಬಾದಿನ ಅಲ್ಯೂಮಿನಿಯಂ ಕಿಟಕಿ ಮಾಡುವ ವರ್ಕ್‌ಶಾಪೊಂದರ ಫೋರ್‌ಮನ್. ಒಬ್ಬಳೇ ಮಗಳು ಮದುವೆಯಾಗಿ ಪುಣೆಯಲ್ಲಿದ್ದಳು. ಅಕ್ಕ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ನಮ್ಮ ಬಡಾವಣೆ ಉಮ್ ಅಲ್ ಹಸ್ಸಮ್‌ನ ಅರ್ಧದಷ್ಟು ಕನ್ನಡ, ಕೊಂಕಣಿ ಹೆಂಗಸರ ಅಳತೆ ಅವರಿಗೆ ಬಾಯಿಪಾಠ. ಆದರೂ ಪ್ರತಿ ಸಲ ಟೇಪು ಹಿಡಿಯುತ್ತಿದ್ದರು. ಕೈಗೆ ಸಿಕ್ಕ ಚೀಟಿಯಲ್ಲಿ — ಅಂಗಡಿಯ ಬಿಲ್ಲೋ, ಕ್ಯಾಲೆಂಡರಿನ ಹಳೆಯ ಹಾಳೆಯೋ — ಅಂಕಿ ಗೀಚಿ, ಆ ಚೀಟಿಯನ್ನು ಬಟ್ಟೆಗೇ ಗುಂಡುಪಿನ್ನಿನಿಂದ ಚುಚ್ಚಿಡುತ್ತಿದ್ದರು.

"ಕಳೆದ ಸಲಕ್ಕಿಂತ ಒಂದಿಂಚು ಜಾಸ್ತಿ ಉಂಟು ತಂಗೀ. ಆ ಹಲ್ವಾ ಡಬ್ಬಿಗೆ ಬೀಗ ಹಾಕಿ."

"ಟೇಪ್ ಕುಗ್ಗಿರಬೇಕು ಅಕ್ಕ."

"ಹೌದೌದು, ಟೇಪಿಗೆ ಪ್ರಾಯ ಆಯ್ತು, ನಿಮಗೆ ಮಾತ್ರ ಆಗುದಿಲ್ಲ."

ಹೀಗೆ ನಗಿಸುತ್ತಲೇ ಒಳಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಜಾಸ್ತಿ ಬಿಡುತ್ತಿದ್ದರು. ಮುಂದೆ ಬೇಕಾದರೆ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಎಂದು.

ನಾನು ದಾವಣಗೆರೆಯವಳು. ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿ, ಮದುವೆಯಾಗಿ ಇಲ್ಲಿಗೆ ಬಂದು, ಶಾಲೆಯ ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಹೇಳುತ್ತಿದ್ದೆ. ನಮ್ಮ ಮಹಡಿಯಲ್ಲಿ ಇಂಗ್ಲಿಷ್ ಕಾಗದ ಯಾವುದೇ ಬರಲಿ, ಅದು ನನ್ನ ಬಾಗಿಲಿಗೇ ಬರುತ್ತಿತ್ತು. ಸಿ.ಪಿ.ಆರ್. ಎಂಬ ಇಲ್ಲಿಯ ಗುರುತಿನ ಕಾರ್ಡಿನ ಅರ್ಜಿ, ವಿದ್ಯುತ್ ಕಚೇರಿಯ ಪತ್ರ, ಮಾತ್ರೆಯ ಹೆಸರು. "ಓದಿದವರು ಪಕ್ಕದಲ್ಲಿದ್ದರೆ ಅರ್ಧ ಧೈರ್ಯ" ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿ ನನಗೆ ಹಿತವಾಗುತ್ತಿತ್ತು. ಅದನ್ನು ಮುಚ್ಚಿಡುವುದರಲ್ಲಿ ಈಗ ಅರ್ಥವಿಲ್ಲ.

ಸದ್ದು ನನಗೆ ಮೊದಲು ಕೇಳಿಸಿದ್ದು ಒಂದು ಜುಲೈ ತಿಂಗಳ ಮಧ್ಯಾಹ್ನ. ಆ ಹೊತ್ತಿನಲ್ಲಿ ಇಲ್ಲಿಯ ಬೀದಿಯಲ್ಲಿ ಬೆಕ್ಕು ಕೂಡ ಇರುವುದಿಲ್ಲ. ಪರದೆ ಎಳೆದ ಕೋಣೆ, ಏಸಿಯ ಒಂದೇ ಸಮನೆಯ ಗುಂಯ್. ಕೋಣೆ ತಣ್ಣಗಾಗಿ ಏಸಿ ತಾನಾಗಿ ನಿಂತಾಗ ನಡುವೆ ಒಂದೆರಡು ನಿಮಿಷ ಪೂರ್ತಿ ಮೌನ ಬರುತ್ತದೆ. ಆ ಮೌನದಲ್ಲಿ, ಮಂಚದ ತಲೆದಿಂಬಿನ ಕಡೆಯ ಗೋಡೆಯೊಳಗಿಂದ... ಕರ್ರ್... ಕರ್ರ್... ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರ್ರ್. ಏಸಿ ಶುರುವಾದರೆ ಮುಚ್ಚಿಹೋಗುತ್ತಿತ್ತು.

ಇಲಿ ಇರಬೇಕೆಂದು ಕಟ್ಟಡದ ಕಾವಲುಗಾರನಿಗೆ ಹೇಳಿದೆ. ಅವನು ಮೆಟ್ಟಿಲ ಬಳಿ ಎರಡು ಅಂಟುಹಲಗೆ ಇಟ್ಟ. ಒಂದು ಜಿರಲೆ ಬಿಟ್ಟರೆ ಏನೂ ಸಿಗಲಿಲ್ಲ. ಸದ್ದು ಮಾತ್ರ ದಿನವೂ ಬಂತು. ಕೆಲವು ದಿನ ಅದು ಗೋಡೆಯ ಆ ಬದಿಯಿಂದ ಈ ಬದಿಗೆ ಬರಲು ದಾರಿ ಮಾಡಿಕೊಳ್ಳುತ್ತಿದೆ ಎಂದು ಅನಿಸಿ, ದಿಂಬನ್ನು ಮಂಚದ ಕಾಲ ಕಡೆಗೆ ಎಳೆದುಕೊಂಡು ಮಲಗಿದ್ದೂ ಉಂಟು.

ಹದಿನೈದು ದಿನ ಕಳೆದಿರಬೇಕು. ರವಿಕೆ ತರಲು ಅಂಥದೇ ಮಧ್ಯಾಹ್ನ ಅವರ ಮನೆಗೆ ಹೋದೆ. ಬಾಗಿಲು ಒರಗಿಸಿತ್ತಷ್ಟೇ. ತಳ್ಳಿದೆ.

ಅಕ್ಕ ಮೆಷಿನಿನ ಹಿಂದೆ, ಗೋಡೆಗೆ ಕೆನ್ನೆ ಒತ್ತಿ ನಿಂತಿದ್ದರು. ಎಡಗೈಯಲ್ಲಿ ನೈಟಿಯನ್ನು ಮುದ್ದೆ ಮಾಡಿ ಹಿಡಿದಿದ್ದರು. ಬಲಗೈಯಲ್ಲಿ ಹೊಲಿಗೆ ಬಿಚ್ಚುವ ಕೊಕ್ಕೆ. ಅದರಿಂದ ಗೋಡೆಯನ್ನು ಕೆರೆಯುತ್ತಿದ್ದರು. ಮೇಲಿನಿಂದ ಕೆಳಗೆ, ಮತ್ತೆ ಮೇಲಿನಿಂದ ಕೆಳಗೆ. ಬಣ್ಣ ಹೋಗಿ, ಗಾರೆ ಹೋಗಿ, ಅಂಗೈಯಗಲ ಬಿಳಿ ಕುಳಿ ಬಿದ್ದಿತ್ತು. ಪುಡಿ ಅವರ ಕಾಲ್ಬೆರಳುಗಳ ಮೇಲೆ ಉದುರಿತ್ತು. ಕಣ್ಣು ತೆರೆದೇ ಇತ್ತು, ನನ್ನ ಕಡೆಗೂ ಇತ್ತು, ಆದರೆ ನಾನು ಬಂದದ್ದು ಆ ಕಣ್ಣಿಗೆ ಕಂಡಿರಲಿಲ್ಲ.

ಎಷ್ಟು ಹೊತ್ತಾಯಿತೋ. ಅವರೇ ಉಸಿರುಬಿಟ್ಟು ಕೊಕ್ಕೆ ಕೆಳಗಿಟ್ಟರು.

"ಬಂದ್ರಾ ತಂಗೀ, ಕೂತ್ಕೊಳ್ಳಿ" ಎಂದರು. ನನ್ನ ಮುಖ ನೋಡಿ ಸಣ್ಣಗೆ ನಕ್ಕರು. "ನೀವು ಅಂಟುಹಲಗೆ ಇಡಿಸಿದ್ದು ನನ್ನನ್ನೇ ಹಿಡೀಲಿಕ್ಕಾ?"

ಆಮೇಲೆ ಹೇಳಿದರು. ಮೂರು ವರ್ಷದಿಂದ ತುರಿಕೆ. ಮುಟ್ಟು ನಿಂತ ಮೇಲೆ ಶುರುವಾದದ್ದು. ಎಲ್ಲಿ ಎಂದು ಹೇಳಲಿಲ್ಲ, ಕಣ್ಣಿನಲ್ಲೇ ಕೆಳಗೆ ತೋರಿಸಿದರು. ರಾತ್ರಿ ಹಾಸಿಗೆ ಬೆಚ್ಚಗಾದರೆ ಇನ್ನೂ ಜೋರು. ಮೂತ್ರ ತಾಗಿದರೆ ಬೆಂಕಿ. ಕೆರೆದರೆ ಚರ್ಮ ಬಿರಿದು ರಕ್ತ ಬರುತ್ತಿತ್ತು, ಆದ್ದರಿಂದ ಕೈ ಕೆಳಗೆ ಹೋಗದಿರಲೆಂದು ಗೋಡೆಯನ್ನು ಕೆರೆಯುವುದು. ಭಾವ ಒಂದು ವರ್ಷದಿಂದ ಹಾಲಿನ ಸೋಫಾದಲ್ಲಿ ಮಲಗುತ್ತಿದ್ದರು. ತನಗೆ ಬೆನ್ನುನೋವು ಎಂದು ಅಕ್ಕ ಅವರಿಗೆ ಹೇಳಿಬಿಟ್ಟಿದ್ದರಂತೆ. ಕೊಳಕಿನಿಂದ ಬಂದದ್ದಿರಬೇಕೆಂದು ದಿನಕ್ಕೆ ಮೂರು ಸಲ ಬಿಸಿನೀರಿಗೆ ಕ್ರಿಮಿನಾಶಕ ಹಾಕಿ ಸೋಪು ಹಚ್ಚಿ ತೊಳೆಯುತ್ತಿದ್ದರು. ತೊಳೆದಷ್ಟೂ ಹೆಚ್ಚಾಗುತ್ತಿತ್ತು.

"ಕನ್ನಡಿ ಇಟ್ಟು ನೋಡಿದೆ ತಂಗೀ. ಬೆಳ್ಳಗಾಗಿದೆ. ಹಾವಿನ ಪೊರೆ ಹಾಗೆ." ದನಿ ತಗ್ಗಿಸಿದರು. "ನಮ್ಮ ಮನೆ ಹಿಂದೆ ನಾಗಬನ ಇತ್ತು. ದಾರಿ ಮಾಡ್ಲಿಕ್ಕೆ ಎರಡು ಮರ ಕಡ್ದಿದ್ರು. ಚರ್ಮ ಬಿಳಿ ಆದ್ರೆ ನಮ್ಮಲ್ಲಿ ಬೇರೆ ಎಂತ ಹೇಳುದಿಲ್ಲ. ಅವನೇ ಅಂತ ಹೇಳುದು."

ಪೊರೆ ಎಂದಾಗ ನನ್ನ ಮೈ ಜುಮ್ಮೆಂದದ್ದು ನಿಜ. ಆದರೆ ನಾನು ಓದಿದವಳು. "ಹಾವಿಗೂ ಇದಕ್ಕೂ ಏನು ಸಂಬಂಧ ಅಕ್ಕ, ನಡೀರಿ ಡಾಕ್ಟರ್ ಹತ್ರ" ಎಂದು ನಕ್ಕೆ. ನಾಲ್ಕು ದಿನ ಬೆನ್ನು ಹತ್ತಿ ಒಪ್ಪಿಸಿದೆ. ಅಷ್ಟನ್ನು ನಾನು ಸರಿಯಾಗಿಯೇ ಮಾಡಿದ್ದೆ.

ಚರ್ಮರೋಗದ ವೈದ್ಯೆ ನಡುವಯಸ್ಸಿನ ಅರಬ್ ಹೆಂಗಸು. ಅಕ್ಕನಿಗೆ ನನ್ನೆದುರು ಬಟ್ಟೆ ಸರಿಸಲು ನಾಚಿಕೆ. "ನೀವು ಹೊರಗೆ ಕೂತ್ಕೊಳ್ಳಿ" ಎಂದರು, ನಾನು ಕೂತೆ. ಒಳಗೆ ಮಲಯಾಳಿ ನರ್ಸ್ ಹಿಂದಿಯಲ್ಲಿ ವಿವರಿಸಿದರಂತೆ. ಅಕ್ಕನಿಗೆ ಅದರಲ್ಲಿ ತಿಳಿದದ್ದು ಇಷ್ಟು: ಇದು ಅಂಟುರೋಗ ಅಲ್ಲ, ಕೊಳಕಿನಿಂದ ಬಂದದ್ದೂ ಅಲ್ಲ. ಸೋಪು ಬಿಡಬೇಕು. ಮುಲಾಮನ್ನು ಬೆರಳ ತುದಿಯಷ್ಟು ತೆಗೆದು ರಾತ್ರಿ ಒಂದು ಸಲ ಹಚ್ಚಬೇಕು. ಒಂದು ತಿಂಗಳ ನಂತರ ಬರಬೇಕು. ಕಾಯಿಲೆಗೆ ಉದ್ದದ ಹೆಸರಿತ್ತು, ನೆನಪುಳಿಯಲಿಲ್ಲ.

ಮುಲಾಮು ಹಚ್ಚಿದ ಹನ್ನೊಂದು ದಿನವೂ ಗೋಡೆ ಸುಮ್ಮನಿತ್ತು. ನಾನು ಎಣಿಸುತ್ತಿದ್ದೆ. ಏಸಿ ನಿಲ್ಲುವುದನ್ನೇ ಕಾದು ಕಿವಿಗೊಡುತ್ತಿದ್ದೆ. ಏನೂ ಇಲ್ಲ. ಮೆಷಿನಿನ ಸದ್ದು ಮಾತ್ರ, ಜೊತೆಗೆ ಯಾವುದೋ ಹಳೆಯ ಹಾಡಿನ ಗುನುಗು.

ಹನ್ನೊಂದನೆಯ ದಿನ ಅಕ್ಕ ಆ ಪೆಟ್ಟಿಗೆ ಹಿಡಿದು ಬಂದರು. ಅವರು ಥೈರಾಯ್ಡಿನ ಮಾತ್ರೆ ನುಂಗುತ್ತಿದ್ದರು. ಅದಕ್ಕೂ ಇದಕ್ಕೂ ಆಗುತ್ತದೋ ಇಲ್ಲವೋ, ಓದಿ ಹೇಳಿ ಎಂದರು.

ನಾನು ಕಾಗದ ಬಿಡಿಸಿದೆ. ಓದುತ್ತಾ ಹೋದೆ. ಪ್ರಬಲವಾದ ಸ್ಟೀರಾಯ್ಡ್. ಚರ್ಮವನ್ನು ತೆಳುವಾಗಿಸಬಹುದು. ಮುಖ, ಕಂಕುಳು, ಗುಪ್ತಾಂಗಗಳಿಗೆ ಹಚ್ಚಬಾರದು. ಅಚ್ಚಾಗಿತ್ತು, ಸ್ಪಷ್ಟವಾಗಿ. ಆ ನರ್ಸ್ ಬೇರೇನೋ ಹೇಳಿರಬೇಕು, ಇವರಿಗೆ ಹಿಂದಿ ಸರಿಯಾಗಿ ತಿಳಿದಿಲ್ಲ ಎಂದುಕೊಂಡೆ.

"ಆದ್ರೆ ತುರಿಕೆ ಎಷ್ಟೋ ಕಡಿಮೆ ಆಗಿದೆಯಲ್ಲ ತಂಗೀ" ಎಂದರು ಅಕ್ಕ.

"ಸ್ಟೀರಾಯ್ಡ್ ಮೊದಲು ಹಾಗೇ ಮಾಡೋದು ಅಕ್ಕ. ಆಮೇಲೆ ಚರ್ಮಾನೇ ತಿಂದುಬಿಡತ್ತೆ."

"ಡಾಕ್ಟರತ್ರ ಒಂದು ಮಾತು ಕೇಳುವಾ?"

"ಕೇಳೋದೇನಿದೆ? ಔಷಧ ಮಾಡಿದೋರೇ ಬರೆದಿದ್ದಾರಲ್ಲ."

ಅವರು ಸ್ವಲ್ಪ ಹೊತ್ತು ಕಾಗದವನ್ನೇ ನೋಡಿದರು. ಇಂಗ್ಲಿಷ್ ಓದಲು ಬಾರದ ಕಣ್ಣು ಆ ಸಾಲುಗಳ ಮೇಲೆ ಸುಮ್ಮನೆ ಓಡಾಡಿತು. ಮರೆತುಬಿಟ್ಟಾರೆಂದು ನಾನೇ ಪೆನ್ನು ತೆಗೆದು ಗೆರೆ ಎಳೆದು, ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಕೊಬ್ಬರಿ ಎಣ್ಣೆ ಸಾಕು ಎಂದೆ. "ನೀವಿರದಿದ್ದರೆ ಎಂತ ಆಗ್ತಿತ್ತೋ ಮಾರಾಯ್ತಿ" ಎಂದು ನನ್ನ ಕೈ ಹಿಡಿದುಕೊಂಡರು. ಅವರು ನಾಗನನ್ನು ನಂಬಿದ್ದಕ್ಕೆ ನಾನು ನಕ್ಕಿದ್ದೆ...

ವೈದ್ಯೆ ಹೇಳಿದ ದಿನಕ್ಕೆ ಅಕ್ಕ ಹೋಗಲಿಲ್ಲ. ಕೊಟ್ಟ ಔಷಧ ಬಿಟ್ಟು ಹೋಗಿ ಬೈಸಿಕೊಳ್ಳುವುದು ಯಾಕೆ ಎಂದರು. ನಾನೂ ಒತ್ತಾಯಿಸಲಿಲ್ಲ. ಮತ್ತೊಂದು ವಾರದಲ್ಲಿ ಗೋಡೆಯ ಸದ್ದು ತಿರುಗಿ ಬಂತು. ಈಗ ಅದೇನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದು ಟಿ.ವಿ.ಯ ದನಿ ಏರಿಸಿದ್ದು. ಆಮೇಲೆ ಮಲಗುವ ಕೋಣೆಯಲ್ಲಿ ಆ ಗೋಡೆಗೆ ಬಟ್ಟೆಯ ಬೀರು ಒತ್ತಿ ನಿಲ್ಲಿಸಿದೆ. ಬೀರುವಿನೊಳಗಿನ ಹ್ಯಾಂಗರುಗಳು ಕೆಲವೊಮ್ಮೆ ತಾವಾಗಿಯೇ ಸಣ್ಣಗೆ ನಡುಗುತ್ತಿದ್ದವು.

ಎರಡು ವರ್ಷ ಹೀಗೆಯೇ ಹೋಯಿತು.

ಒಂದು ದಿನ ಅಕ್ಕ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಒಂದು ಹುಣ್ಣು ಮಾಯ್ತಾ ಇಲ್ಲ ತಂಗೀ. ಗಂಟಿನ ಹಾಗೆ ಗಟ್ಟಿ. ಈ ಸಲ ನೀವು ಒಳಗೆ ಬರ್ಬೇಕು. ನಾಚಿಕೆಯೆಲ್ಲ ಮುಗೀತು" ಎಂದರು.

ಅದೇ ಕ್ಲಿನಿಕ್, ಅದೇ ವೈದ್ಯೆ. ನರ್ಸ್ ಮಾತ್ರ ಬೇರೆ, ಅವಳಿಗೆ ಹಿಂದಿ ಬರುತ್ತಿರಲಿಲ್ಲ. ನಾನು ಅಕ್ಕನ ತಲೆಯ ಬಳಿ ನಿಂತು ಅವರ ಕೈ ಹಿಡಿದುಕೊಂಡೆ. ವೈದ್ಯೆ ದೀಪವನ್ನು ಬಗ್ಗಿಸಿ, ನೋಡುತ್ತಾ, ನರ್ಸಿಗೆ ಇಂಗ್ಲಿಷಿನಲ್ಲಿ ಬರೆಸುತ್ತಾ ಹೋದರು. ಆ ಶಾಂತ ದನಿ ಈಗಲೂ ನನ್ನ ಕಿವಿಯಲ್ಲಿದೆ. ಚರ್ಮ ದಂತದಂತೆ ಬಿಳಿ, ಹೊಳಪು. ಸುಕ್ಕುಗಟ್ಟಿದ ತೆಳು ಕಾಗದದ ಹಾಗೆ. ಯೋನಿಯ ಸುತ್ತ, ಹಿಂದೆ ಗುದದ ಸುತ್ತ, ಎರಡೂ ಸೇರಿ ಎಂಟರ ಆಕಾರ. ಅಲ್ಲಲ್ಲಿ ಒಳಗೇ ಒಸರಿದ ರಕ್ತದ ಕೆಂಪು ಚುಕ್ಕೆ. ಬಿರುಕುಗಳು. ಒಳತುಟಿಗಳು ಅಂಟಿ ಕರಗಿ ಗುರುತೇ ಉಳಿದಿಲ್ಲ. ಯೋನಿದ್ವಾರ ಕಿರಿದಾಗಿದೆ. ಬಲಗಡೆ ಒಂದು ಗಟ್ಟಿ ಗಂಟು, ಮೇಲೆ ಹುಣ್ಣು.

ನಾನು ಒಂದೇ ಒಂದು ಸಲ ನೋಡಿದೆ. ಅಕ್ಕ ಪೊರೆ ಎಂದದ್ದು ಸುಳ್ಳಾಗಿರಲಿಲ್ಲ.

ಕಾಯಿಲೆಯ ಹೆಸರು ಲೈಕೆನ್ ಸ್ಕ್ಲೆರೋಸಸ್ ಎಂದು ವೈದ್ಯೆ ಹೇಳಿದರು. ದೇಹವೇ ತನ್ನ ಚರ್ಮದ ಮೇಲೆ ತಿರುಗಿಬೀಳುವ ಬಗೆಯದು ಎಂದು ನಂಬಿಕೆ, ಥೈರಾಯ್ಡ್ ತೊಂದರೆ ಇರುವವರಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಪೂರ್ತಿ ಗುಣವಾಗುವುದಿಲ್ಲ, ಹಿಡಿತದಲ್ಲಿಡಬಹುದು. ಹಿಡಿತದಲ್ಲಿಡುವುದು ಆ ಮುಲಾಮೇ. ಬಿಟ್ಟರೆ, ಎಲ್ಲರಿಗೂ ಅಲ್ಲ, ಕೆಲವರಿಗೆ, ಅದೇ ಜಾಗದಲ್ಲಿ ಕ್ಯಾನ್ಸರ್ ಹುಟ್ಟಬಹುದು.

"ಮುಲಾಮಿನ ಕಾಗದದಲ್ಲಿ ಅಲ್ಲಿಗೆ ಹಚ್ಚಬಾರದು ಅಂತ ಇರುತ್ತಲ್ಲ ಡಾಕ್ಟರ್?" ನಾನು ಇಂಗ್ಲಿಷಿನಲ್ಲಿ ಕೇಳಿದೆ. ಯಾರದೋ ಪರವಾಗಿ ಕೇಳುವವಳ ಹಾಗೆ.

"ಇರುತ್ತದೆ. ತಾವೇ ಕೊಂಡು ಸಿಕ್ಕಸಿಕ್ಕಲ್ಲಿ ಹಚ್ಚಿಕೊಳ್ಳುವವರಿಗೆ ಆ ಎಚ್ಚರಿಕೆ. ಈ ಕಾಯಿಲೆಗೆ ಅದನ್ನು ಅಲ್ಲಿಗೇ ಹಚ್ಚಬೇಕು. ಚರ್ಮವನ್ನು ಹೀಗೆ ಹಾಳುಮಾಡಿದ್ದು ಔಷಧವಲ್ಲ, ಕಾಯಿಲೆ." ಫೈಲು ತಿರುವಿ ನನ್ನನ್ನು ನೋಡಿದರು. "ಇವರು ಯಾಕೆ ನಿಲ್ಲಿಸಿದರು? ಕೇಳಿ."

ನಾನು ಕೇಳಬೇಕಾಯಿತು. ನನ್ನ ಬಾಯಿಂದಲೇ. "ಮುಲಾಮು ಯಾಕೆ ನಿಲ್ಲಿಸಿದ್ರಿ ಅಂತ ಕೇಳ್ತಿದ್ದಾರೆ ಅಕ್ಕ."

ಅಕ್ಕ ಮಲಗಿದಲ್ಲಿಂದ ನನ್ನ ಮುಖವನ್ನು ನೋಡಿದರು. ವೈದ್ಯೆಯ ಇಂಗ್ಲಿಷ್ ಅವರಿಗೆ ತಿಳಿದಿರಲಿಲ್ಲ, ಆದರೆ ನನ್ನ ಮುಖದ ಮೇಲೆ ಅದೆಲ್ಲ ಆಗಲೇ ಅನುವಾದವಾಗಿತ್ತೆಂದು ಕಾಣುತ್ತದೆ. ನನ್ನ ಕೈಯನ್ನು ಒಂದು ಸಲ ಗಟ್ಟಿಯಾಗಿ ಒತ್ತಿದರು.

"ನಾನೇ ಬಿಟ್ಟೆ ಅಂತ ಹೇಳಿ. ಭಯ ಆಯ್ತು ಅಂತ ಹೇಳಿ. ಊರಿಂದ ಎಣ್ಣೆ ತರಿಸಿದೆ ಅಂತ ಹೇಳಿ ತಂಗೀ."

ನಾನು ಹೇಳಿದೆ. ಇವರೇ ನಿಲ್ಲಿಸಿದರಂತೆ. ಭಯವಾಯಿತಂತೆ. ಒಂದು ಪದವೂ ಬಿಡದೆ ಹೇಳಿದೆ. ವೈದ್ಯೆ ಅದನ್ನು ಫೈಲಿನಲ್ಲಿ ಬರೆದುಕೊಂಡರು.

ಇವತ್ತಿಗೂ ನಾನು ಆ ಕೋಣೆಯಲ್ಲಿ ನಿಂತಿರುತ್ತೇನೆ. ದೀಪ ಬಗ್ಗಿಸಿರುತ್ತದೆ. ಪ್ರಶ್ನೆ ಬರುತ್ತದೆ, ನಾನು ಬಾಯಿ ತೆರೆಯುತ್ತೇನೆ, ನಾನು ನಿಲ್ಲಿಸಿದೆ ಎನ್ನಬೇಕೆಂದು ತೆರೆಯುತ್ತೇನೆ. ಪ್ರತಿ ಸಲವೂ ಅದೇ ಮಾತು ಹೊರಬರುತ್ತದೆ...

ತುಣುಕು ತೆಗೆದು ಪರೀಕ್ಷೆ ಮಾಡಿದಾಗ ವೈದ್ಯೆಯ ಸಂಶಯ ನಿಜವಾಯಿತು: ಕ್ಯಾನ್ಸರ್. ತೊಡೆಸಂದಿಯ ಗಂಟುಗಳಿಗೂ ಹರಡಿತ್ತು. ಊರಿನಲ್ಲಿ ಆಪರೇಷನ್ ಮಾಡಿಸುವುದೆಂದು ತೀರ್ಮಾನವಾಯಿತು. ಹೊರಡುವ ಹಿಂದಿನ ಸಂಜೆ ಅಕ್ಕ ಬಂದು, ಹೊಲಿಯಲು ಕೊಟ್ಟಿದ್ದ ರವಿಕೆಗಳನ್ನೆಲ್ಲ ಮುಗಿಸಿದ್ದೇನೆ, ಯಾರದ್ದೂ ಬಾಕಿ ಇಲ್ಲ ಎಂದು ಹೆಮ್ಮೆಯಿಂದ ಹೇಳಿ, ಈ ಹಸಿರು ರವಿಕೆಯ ಕವರನ್ನು ನನ್ನ ಕೈಗಿತ್ತರು. ನಾನು ಆಗಲಾದರೂ ಹೇಳಬೇಕೆಂದಿದ್ದೆ. "ಅಕ್ಕ, ಅವತ್ತು ನಾನು..." ಎಂದೆ.

"ಒಳಗೆ ಬಟ್ಟೆ ಬಿಟ್ಟಿದ್ದೇನೆ" ಎಂದರು ಅವರು, ನನ್ನ ಮಾತಿನ ಮೇಲೆಯೇ. "ದಪ್ಪ ಆದ್ರೂ ಹೆದರುದು ಬೇಡ."

ಎಂಟು ತಿಂಗಳ ನಂತರ ಭಾವ ಊರಿಂದ ಫೋನು ಮಾಡಿದರು. ಕಡೆಯ ದಿನಗಳಲ್ಲಿ ಅವಳಿಗೆ ನೋವಿತ್ತು, ತುರಿಕೆ ಮಾತ್ರ ಇರಲಿಲ್ಲ ಎಂದರು. ಆಮೇಲೆ, "ಅವಳು ಹೆದರಿ ಔಷಧ ಬಿಟ್ಟಳಲ್ಲ, ನಿಮ್ಮತ್ರ ಒಂದು ಮಾತು ಕೇಳಬಹುದಿತ್ತು" ಎಂದರು.

ಮುಲಾಮು ಹಚ್ಚಿದ್ದರೆ ಅವರು ಬದುಕಿರುತ್ತಿದ್ದರು ಎಂದು ಯಾರೂ ಖಚಿತವಾಗಿ ಹೇಳಲಾರರು. ಇರುತ್ತಿರಲಿಲ್ಲ ಎಂದೂ ಹೇಳಲಾರರು. ಈ ಎರಡರ ನಡುವೆ ನಾನು ಇಷ್ಟು ದಿನ ಕಳೆದೆ.

ನಾಳೆ ನಾವು ಜಿಂಜ್‌ನ ಹೊಸ ಮನೆಗೆ ಹೋಗುತ್ತೇವೆ. ಬೀರು ಸರಿಸಿಯಾಗಿದೆ. ಅದರ ಹಿಂದೆ ನನ್ನ ಬದಿಯ ಗೋಡೆಯಲ್ಲಿ, ಸೊಂಟದಿಂದ ಸ್ವಲ್ಪ ಮೇಲೆ, ಬಣ್ಣ ಉಬ್ಬಿ ಅಂಗೈಯಗಲ ಬಿಳಿಚಿಕೊಂಡಿದೆ. ತೇವ ಇರಬೇಕು ಎಂದರು ನಮ್ಮ ಮನೆಯವರು. ಇರಬಹುದು. ಪಕ್ಕದ ಫ್ಲ್ಯಾಟು ಎರಡು ತಿಂಗಳಿಂದ ಖಾಲಿ.

ಈ ಮಧ್ಯಾಹ್ನ ಕಾಗದವನ್ನು ಮತ್ತೆ ಬಿಡಿಸಿದೆ. ಅರಬ್ಬಿ ಇರುವ ಬದಿಯ ಖಾಲಿ ಅಂಚಿನಲ್ಲಿ ಪೆನ್ಸಿಲಿನ ಅಂಕಿಗಳಿವೆ. ಎದೆ, ತೋಳು, ಉದ್ದ. ನನ್ನ ಅಳತೆ. ಪಿನ್ನು ಚುಚ್ಚಿದ ಎರಡು ತೂತುಗಳೂ ಇವೆ. ಕೈಗೆ ಸಿಕ್ಕ ಚೀಟಿ ಎಂದು ಇದರಲ್ಲಿ ಬರೆದರೋ, ಭಾವನ ಕಣ್ಣಿಗೆ ನನ್ನ ಅಕ್ಷರ ಬೀಳದಿರಲೆಂದು ಹೀಗೆ ನನಗೇ ಮುಟ್ಟಿಸಿದರೋ, ಅಥವಾ ನಾನೊಬ್ಬಳೇ ಕೂತು ಎಂದಾದರೂ ನೋಡಲಿ ಎಂದೋ... ಕೇಳಲು ಅವರಿಲ್ಲ. ರವಿಕೆ ತೊಟ್ಟು ನೋಡಿದೆ. ಬಿಗಿಯಾಗಿದೆ. ಒಳಗೆ ಎರಡು ಬೆರಳು ಬಟ್ಟೆ ಇದೆ.

ಏಸಿ ನಿಂತಿತು. ಆ ಮೌನದಲ್ಲಿ ಸದ್ದು ಕೇಳಿಸಿತು. ಕರ್ರ್... ಕರ್ರ್... ಗೋಡೆಯನ್ನು ನೋಡಿದೆ. ಅದು ಗೋಡೆಯಿಂದ ಬರುತ್ತಿರಲಿಲ್ಲ. ತಲೆ ತಗ್ಗಿಸಿದೆ. ನನ್ನ ಹೆಬ್ಬೆರಳಿನ ಉಗುರು, ಯಾವಾಗ ಶುರುಮಾಡಿತ್ತೋ, ಕಾಗದದ ಅಂಚಿನ ನಾಲ್ಕು ಪದಗಳನ್ನು ಕೆರೆಯುತ್ತಿತ್ತು. ಒಂದು ಕಡೆ ತೂತು ಬಿದ್ದಿತ್ತು. ಉಳಿದ ಅಕ್ಷರ ಹಾಗೇ ಇತ್ತು.